ಬುಗ್ಗೆಯ ನೀರು, ಎದುರಿಗೆ ಪರ್ವತ: ಜಪಾನಿನ ರಿಯೋಕಾನ್ ವಾಸ್ತವ್ಯ ಕುರಿತು ಓದುಗರ ಪ್ರಶ್ನೆಗಳು

ಜಪಾನ್ ಪ್ರವಾಸದಲ್ಲಿ ಒಂದು ರಾತ್ರಿಯನ್ನಾದರೂ ಬೆಟ್ಟದೂರಿನ ಬಿಸಿನೀರಿನ ಬುಗ್ಗೆಯಿರುವ ಸಾಂಪ್ರದಾಯಿಕ ವಸತಿಗೃಹದಲ್ಲಿ ಕಳೆಯಬೇಕೆಂದಿರುವ ಓದುಗರಿಂದ ಹಲವು ಪತ್ರಗಳು ಬಂದಿವೆ. ಅಲ್ಲಿನವರು ಇಂಥ ಬುಗ್ಗೆಯನ್ನು ಒನ್ಸೆನ್ ಎಂದೂ ವಸತಿಗೃಹವನ್ನು ರಿಯೋಕಾನ್ ಎಂದೂ ಕರೆಯುತ್ತಾರೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಪ್ರವಾಸದ ಪಟ್ಟಿಯಲ್ಲಿ ಒಂದು ರಾತ್ರಿ ರಿಯೋಕಾನ್ ಸೇರಿದೆ. ಆ ಒಂದು ರಾತ್ರಿಯ ಬಾಡಿಗೆ ಟೋಕಿಯೊದ ಹೋಟೆಲಿನ ಬಾಡಿಗೆಯ ಎರಡರಷ್ಟಿದೆ. ನೆಲದ ಮೇಲೆ ಹಾಸಿಗೆ ಹಾಸಿ ಮಲಗಿಸುವುದಕ್ಕೆ ಇಷ್ಟೊಂದು ಹಣವೇಕೆ? (ನಿವೃತ್ತ ಶಿಕ್ಷಕಿ, ಶಿವಮೊಗ್ಗ)

ಉತ್ತರ: ರಿಯೋಕಾನಿನ ದರವನ್ನು ಸಾಮಾನ್ಯವಾಗಿ ಕೋಣೆಗೆ ಲೆಕ್ಕ ಹಾಕದೆ ತಲೆಗೆ ಲೆಕ್ಕ ಹಾಕುತ್ತಾರೆ, ಮತ್ತು ಅದರಲ್ಲಿ ರಾತ್ರಿಯ ಊಟ, ಬೆಳಗಿನ ಉಪಾಹಾರ ಎರಡೂ ಸೇರಿರುತ್ತವೆ. ಸಣ್ಣ ಕುಟುಂಬಗಳು ನಡೆಸುವ ಸರಳ ಮನೆಗಳಲ್ಲಿ ತಲೆಗೆ ಸುಮಾರು 10ರಿಂದ 15 ಸಾವಿರ ಯೆನ್, ಮಧ್ಯಮ ದರ್ಜೆಯಲ್ಲಿ 20ರಿಂದ 35 ಸಾವಿರ ಯೆನ್ ಆಗುತ್ತದೆ. ಫ್ಯೂಜಿ ಪರ್ವತ ಕಾಣುವ, ಕೋಣೆಗೇ ಸ್ವಂತ ಹೊರಸ್ನಾನದ ತೊಟ್ಟಿಯಿರುವ ಕಡೆಗಳಲ್ಲಿ 50 ಸಾವಿರವನ್ನೂ ಮೀರುತ್ತದೆ. ಇತ್ತೀಚಿನ ವರ್ಷಗಳಲ್ಲಿ ನೂರು ಯೆನ್ ಎಂದರೆ ಸುಮಾರು 55ರಿಂದ 60 ರೂಪಾಯಿ. ಇದಲ್ಲದೆ ಸ್ನಾನದ ತೆರಿಗೆಯೆಂದು ಹೆಚ್ಚಿನ ಊರುಗಳಲ್ಲಿ ತಲೆಗೆ 150 ಯೆನ್ ಪಡೆಯುತ್ತಾರೆ. ಶನಿವಾರ ರಾತ್ರಿಯ ದರ ವಾರದ ಇತರ ದಿನಗಳಿಗಿಂತ ಗಣನೀಯವಾಗಿ ಹೆಚ್ಚಿರುವುದರಿಂದ, ದಿನವನ್ನು ಆರಿಸಿಕೊಳ್ಳುವ ಅವಕಾಶ ನಿಮಗಿದ್ದರೆ ಸೋಮವಾರದಿಂದ ಗುರುವಾರದೊಳಗೆ ಹೋಗುವುದು ಜಾಣತನ.

ಆದರೆ ತಮ್ಮ ಪ್ರಶ್ನೆಯ ಹಿಂದಿರುವ ಅಸಮಾಧಾನಕ್ಕೆ ದರಪಟ್ಟಿಯಷ್ಟೇ ಉತ್ತರವಾಗಲಾರದು. ನಮ್ಮವರ ಬಹುತೇಕ ಪ್ರವಾಸಪಟ್ಟಿಗಳಲ್ಲಿ ರಿಯೋಕಾನ್ ಕೂಡ ಮಲಗುವ ಜಾಗವೆಂದೇ ಗಣನೆಯಾಗಿರುತ್ತದೆ: ದಿನವೆಲ್ಲ ಸುತ್ತಾಡಿ ರಾತ್ರಿ ಏಳಕ್ಕೆ ತಲುಪಿ, ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತುವುದು. ಹಾಗೆ ಮಾಡುವುದಾದರೆ ಆ ಹಣ ನಿಜವಾಗಿಯೂ ದಂಡ. ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ ಕೋಣೆ ಸಿಗುತ್ತದೆ, ಮರುದಿನ ಬೆಳಿಗ್ಗೆ ಹತ್ತಕ್ಕೆ ಬಿಡಬೇಕಾಗುತ್ತದೆ. ಈ ಹತ್ತೊಂಬತ್ತು ಗಂಟೆಗಳಲ್ಲಿ ಆದಷ್ಟನ್ನು ಅಲ್ಲೇ ಕಳೆಯುವವರಿಗೆಂದೇ ಅಲ್ಲಿನ ವ್ಯವಸ್ಥೆ ರೂಪುಗೊಂಡಿದೆ. ಬಂದ ಕೂಡಲೇ ಚಹಾ ಮತ್ತು ಒಂದು ಸಿಹಿ ತಿನಿಸು, ಆಮೇಲೆ ವಸತಿಗೃಹದವರು ಕೊಡುವ ಯುಕಾತ ಎಂಬ ಹತ್ತಿಯ ನಿಲುವಂಗಿ ತೊಟ್ಟು ಮೊದಲ ಸ್ನಾನ, ಆರು ಆರೂವರೆಗೆ ಹಲವು ಬಗೆಗಳ ಊಟ, ಊಟ ಮುಗಿಸಿ ಬರುವಷ್ಟರಲ್ಲಿ ತತಾಮಿ ಚಾಪೆಯ ಮೇಲೆ ಹಾಸಿಟ್ಟ ಹಾಸಿಗೆ, ಮಲಗುವ ಮುನ್ನ ಇನ್ನೊಂದು ಸ್ನಾನ, ಬೆಳಕು ಹರಿಯುವಾಗ ಮತ್ತೊಂದು. ಅಡುಗೆಯವರು ಪ್ರತಿ ಬಗೆಯನ್ನೂ ಹೊತ್ತಿಗೆ ಸರಿಯಾಗಿ ಸಿದ್ಧಪಡಿಸುವುದರಿಂದ, ಊಟ ಕಾಯ್ದಿರಿಸಿದವರು ತಡವಾಗಿ ಬಂದರೆ ಅನೇಕ ಕಡೆ ಊಟವೇ ಸಿಗುವುದಿಲ್ಲ. ಪ್ರವಾಸ ಸಂಸ್ಥೆಯವರಿಗೆ ಹೇಳಿ ಆ ದಿನದ ಮಧ್ಯಾಹ್ನವನ್ನು ಖಾಲಿ ಬಿಡಿಸಿಕೊಳ್ಳಿ. ಅವರು ಒಪ್ಪದಿದ್ದರೆ ಆ ರಾತ್ರಿಯನ್ನು ಪಟ್ಟಿಯಿಂದ ತೆಗೆಸಿ ಹಣ ಉಳಿಸಿಕೊಳ್ಳುವುದೇ ಲೇಸು.

ಯುಕಾತ ತೊಡುವಾಗ ಎಡ ಅಂಚು ಬಲ ಅಂಚಿನ ಮೇಲೆ ಬರಬೇಕು. ಬಲವನ್ನು ಮೇಲೆ ತಂದು ಸುತ್ತುವುದು ಅಲ್ಲಿ ಶವಕ್ಕೆ ಬಟ್ಟೆ ತೊಡಿಸುವ ಕ್ರಮ.

ಪ್ರಶ್ನೆ: ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದೇನೆ. ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಕೋಣೆಯಲ್ಲಿ ಕುಳಿತೇ ಫ್ಯೂಜಿ ಕಾಣಬೇಕು ಎಂಬುದು ಅಮ್ಮನ ಆಸೆ. ಬುಗ್ಗೆಯೂರಾದ ಹಕೋನೆ ಒಳ್ಳೆಯದೋ ಕವಾಗುಚಿ ಸರೋವರವೋ? ಯಾವ ತಿಂಗಳಲ್ಲಿ ಕರೆಸಿಕೊಳ್ಳಲಿ? (ತಂತ್ರಾಂಶ ಎಂಜಿನಿಯರ್, ಯೊಕೊಹಾಮಾ)

ಉತ್ತರ: ಕೋಣೆಯಿಂದಲೇ ಕಾಣಬೇಕೆಂಬುದು ಕಡ್ಡಾಯವಾದರೆ ಕವಾಗುಚಿ ಸರೋವರದ ಉತ್ತರ ದಡವನ್ನು ಆರಿಸಿಕೊಳ್ಳಿ. ಪರ್ವತವು ಸರೋವರದ ದಕ್ಷಿಣಕ್ಕಿರುವುದರಿಂದ, ಉತ್ತರ ದಡದ ಮನೆಗಳಿಗೆ ಮುಂದೆ ನೀರು, ಅದರಾಚೆ 3,776 ಮೀಟರಿನ ಶಿಖರ, ಅಡ್ಡಲಾಗಿ ಬೇರೆ ಬೆಟ್ಟವಿಲ್ಲ. ಹಕೋನೆಯ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಪ್ರಚಾರದ ಚಿತ್ರಗಳಲ್ಲಿ ಕಾಣುವ ಫ್ಯೂಜಿ ಅಶಿ ಸರೋವರದ ದಡದಿಂದಲೋ ರೋಪ್‌ವೇ ತೊಟ್ಟಿಲಿನಿಂದಲೋ ತೆಗೆದದ್ದು. ಹಕೋನೆ ಒಂದು ಹಳೆಯ ಜ್ವಾಲಾಮುಖಿಯ ಬಟ್ಟಲಾದುದರಿಂದ ಅದರ ಹೊರ ಅಂಚಿನ ಬೆಟ್ಟಗಳೇ ಫ್ಯೂಜಿಯನ್ನು ಮರೆಮಾಡುತ್ತವೆ. ರಿಯೋಕಾನ್‌ಗಳು ಹೆಚ್ಚಾಗಿರುವ ಹಕೋನೆ-ಯುಮೊತೊ ಕಣಿವೆಯೊಳಗಿದೆ. ಅಲ್ಲಿ ‘ಬೆಟ್ಟದ ನೋಟ’ ಎಂದು ಬರೆದಿದ್ದರೆ ಎದುರಿನ ಕಾಡುಬೆಟ್ಟವೆಂದೂ ಕೆಳಗೆ ಹರಿಯುವ ಹಯಕಾವಾ ನದಿಯೆಂದೂ ತಿಳಿಯಬೇಕು. ಆ ನೋಟವೂ ಸೊಗಸಾದುದೇ, ಆದರೆ ತಮ್ಮ ತಾಯಿಯವರು ಕೇಳಿದ್ದು ಅದನ್ನಲ್ಲ. ನೀರಿನ ವೈವಿಧ್ಯ ಮತ್ತು ಸ್ನಾನದ ಪರಂಪರೆಯಲ್ಲಿ ಮಾತ್ರ ಹಕೋನೆಯದೇ ಮೇಲುಗೈ. ಎಡೊ (ಇಂದಿನ ಟೋಕಿಯೊ) ಮತ್ತು ಕ್ಯೋಟೊಗಳ ನಡುವಿನ ತೊಕಾಯ್ದೊ ಹೆದ್ದಾರಿಯ ಪಯಣಿಗರು ಶತಮಾನಗಳ ಹಿಂದೆಯೇ ಅಲ್ಲಿ ತಂಗಿ ಮೀಯುತ್ತಿದ್ದರು.

ಕಾಲದ ಪ್ರಶ್ನೆ ಇನ್ನೂ ಮುಖ್ಯ. ಜೂನ್, ಜುಲೈ ತಿಂಗಳುಗಳ ಮಳೆಗಾಲದಲ್ಲಿ ಪರ್ವತವು ದಿನಗಟ್ಟಲೆ ಮೋಡದೊಳಗೇ ಇರಬಹುದು, ಆಗಸ್ಟಿನಲ್ಲಿ ಬೆಳಿಗ್ಗೆ ಕಂಡದ್ದು ಹೊತ್ತೇರುವಷ್ಟರಲ್ಲಿ ಮರೆಯಾಗುತ್ತದೆ, ಮತ್ತು ಬೇಸಿಗೆಯ ಫ್ಯೂಜಿಯ ಮೇಲೆ ಹಿಮವಿರುವುದಿಲ್ಲವಾದ್ದರಿಂದ ಚಿತ್ರದಲ್ಲಿ ನೋಡಿ ಬಂದವರಿಗೆ ಅದು ಬೋಳು ಕಂದು ಗುಡ್ಡದಂತೆ ಕಂಡು ನಿರಾಸೆಯಾಗುವುದುಂಟು. ನವೆಂಬರಿನ ಕೊನೆಯಿಂದ ಫೆಬ್ರವರಿಯವರೆಗೆ ಒಣಗಾಳಿ ಬೀಸುವುದರಿಂದ ಆಕಾಶ ತಿಳಿಯಾಗಿರುವ ದಿನಗಳು ಹೆಚ್ಚು. ನವೆಂಬರಿನ ಆರಂಭದಿಂದ ಮಧ್ಯದವರೆಗೆ ಸರೋವರದ ಸುತ್ತ ಎಲೆಗಳು ಕೆಂಪೇರುತ್ತವೆಯಾದರೂ ಆಗ ಜನಜಂಗುಳಿಯೂ ದರವೂ ಏರುತ್ತವೆ. ಹಿಮದ ಟೋಪಿಯನ್ನು ಕೂಡ ಖಚಿತವೆಂದು ತಿಳಿಯುವಂತಿಲ್ಲ: 2024ರಲ್ಲಿ ಫ್ಯೂಜಿಯ ಮೊದಲ ಹಿಮ ಕಂಡದ್ದು ನವೆಂಬರ್ 7ರಂದು, ಅದು 1894ರಿಂದ ಇಟ್ಟಿರುವ ದಾಖಲೆಯಲ್ಲೇ ಅತಿ ತಡವಾದದ್ದು. ಮೈಸೂರಿನ ಹಿರಿಯರಿಗೆ ಜನವರಿಯ ಚಳಿ ಕಷ್ಟವಾದೀತು ಎನಿಸಿದರೆ ನವೆಂಬರಿನ ಕೊನೆಯ ವಾರ ಅಥವಾ ಡಿಸೆಂಬರಿನ ಮೊದಲ ವಾರವನ್ನು ಗೊತ್ತುಮಾಡಿ.

ಕಾಯ್ದಿರಿಸುವಾಗ ಎರಡು ಸಂಗತಿಗಳನ್ನು ಬರೆದು ಕೇಳಿ ಖಚಿತಪಡಿಸಿಕೊಳ್ಳಿ. ಕೋಣೆಯ ಕಿಟಕಿ ಫ್ಯೂಜಿಯ ಕಡೆಗೇ ಇದೆಯೇ ಎಂಬುದು ಒಂದು. ಒಂದೇ ಮನೆಯಲ್ಲಿ ಪರ್ವತದ ಕಡೆಯ ಮತ್ತು ಹಿತ್ತಿಲ ಕಡೆಯ ಕೋಣೆಗಳಿಗೆ ಬೇರೆ ಬೇರೆ ದರವಿರುತ್ತದೆ. ಸ್ನಾನದ ತೊಟ್ಟಿಯಲ್ಲಿ ಕುಳಿತಾಗ ಪರ್ವತ ಕಾಣುತ್ತದೆಯೇ, ಎದ್ದು ನಿಂತರಷ್ಟೇ ಕಾಣುತ್ತದೆಯೇ ಎಂಬುದು ಇನ್ನೊಂದು, ಏಕೆಂದರೆ ಹೊರಗಿನವರ ಕಣ್ಣಿಗೆ ಬೀಳದಿರಲೆಂದು ಕಟ್ಟಿದ ಬಿದಿರಿನ ತಡಿಕೆ ಕುಳಿತವರಿಗೆ ಪರ್ವತವನ್ನೂ ಮುಚ್ಚಿಬಿಡಬಹುದು. ಇಷ್ಟೆಲ್ಲ ಮಾಡಿದ ಮೇಲೂ ಮೋಡ ಕವಿದರೆ ಯಾರೂ ಹಣ ಹಿಂದಿರುಗಿಸುವುದಿಲ್ಲ. ಆದ್ದರಿಂದ ಪರ್ವತ ಕಾಣದೇ ಹೋದರೂ ಉಳಿದು ಬಂದದ್ದು ಸಾರ್ಥಕವೆನಿಸುವಂಥ ನೀರು ಮತ್ತು ಊಟ ಇರುವ ಮನೆಯನ್ನೇ ಆರಿಸಿ ಎಂಬುದು ನನ್ನ ಸಲಹೆ.

ಫ್ಯೂಜಿಯ ಹಟವಿಲ್ಲದವರಿಗೆ, ಅದರಲ್ಲೂ ಹಿಮ ನೋಡಬೇಕೆನ್ನುವವರಿಗೆ, ಗಿಫು ಪ್ರಾಂತದ ಒಕುಹಿದಾವನ್ನು ಸೂಚಿಸುತ್ತೇನೆ. ಹಿರಾಯು, ಫುಕುಜಿ, ಶಿನ್-ಹಿರಾಯು, ತೊಚಿಯೊ, ಶಿನ್-ಹೊತಕಾ ಎಂಬ ಐದು ಬುಗ್ಗೆಯೂರುಗಳ ಸಮೂಹವದು; ತಕಾಯಾಮಾದಿಂದ ಹಿರಾಯುವಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. 3,180 ಮೀಟರಿನ ಯಾರಿ ಮತ್ತು 3,190 ಮೀಟರಿನ ಒಕು-ಹೊತಕಾ ಶಿಖರಗಳಿರುವ, ಜಪಾನಿನ ‘ಉತ್ತರ ಆಲ್ಪ್ಸ್’ ಎನಿಸಿಕೊಂಡ ಪರ್ವತಶ್ರೇಣಿ ತಲೆಯ ಮೇಲೆಯೇ ಎದ್ದು ನಿಂತಿರುತ್ತದೆ. ಬಯಲಿನ ಸ್ನಾನಕ್ಕೆ ಅದಕ್ಕಿಂತ ಒಳ್ಳೆಯ ಕಣಿವೆಯನ್ನು ಜಪಾನಿನಲ್ಲಿ ಹುಡುಕುವುದು ಕಷ್ಟ.

ಪ್ರಶ್ನೆ: ಸ್ನಾನದ ಮನೆಯಲ್ಲಿ ಬಟ್ಟೆಯಿಲ್ಲದೆ ಎಲ್ಲರೊಡನೆ ನೀರಿಗಿಳಿಯಬೇಕಂತೆ. ಈಜುಡುಗೆ ತೊಟ್ಟರೆ ಆಗದೇ? ನನಗೂ ನಮ್ಮ ಅತ್ತೆಯವರಿಗೂ ಇದು ಸಾಧ್ಯವಾಗದ ಮಾತು. (ಗೃಹಿಣಿ, ಮಂಗಳೂರು)

ಉತ್ತರ: ಈಜುಡುಗೆಗೆ ಅವಕಾಶವಿಲ್ಲ. ಗಂಡಸರಿಗೂ ಹೆಂಗಸರಿಗೂ ಸ್ನಾನಗೃಹಗಳು ಬೇರೆ ಬೇರೆ ಇರುತ್ತವೆ. ಇಬ್ಬರೂ ಒಟ್ಟಿಗೆ ಮೀಯುವ ತೊಟ್ಟಿಗಳು ಒಕುಹಿದಾದಂಥ ಕೆಲವು ಹಳೆಯ ಊರುಗಳಲ್ಲಿ ಮಾತ್ರ ಉಳಿದಿವೆ, ಮತ್ತು ಅಂಥ ಅನೇಕ ಕಡೆ ಹೆಂಗಸರಿಗೆ ಮೈಮುಚ್ಚುವ ಬಟ್ಟೆ ಕೊಡುತ್ತಾರೆ. ಆದರೂ ಹಿಂಜರಿಕೆ ಸಹಜವಾದುದರಿಂದ ತಮಗೆ ಎರಡು ದಾರಿಗಳಿವೆ. ಮುಕ್ಕಾಲು ಗಂಟೆಯಷ್ಟು ಹೊತ್ತು ಒಂದು ಕುಟುಂಬಕ್ಕೆ ಮಾತ್ರ ಬಿಟ್ಟುಕೊಡುವ ಖಾಸಗಿ ಸ್ನಾನದ ಕೋಣೆಯನ್ನು ‘ಕಶಿಕಿರಿ-ಬುರೊ’ ಎನ್ನುತ್ತಾರೆ. ಕೆಲವು ಮನೆಗಳು ಇದನ್ನು ಉಚಿತವಾಗಿ ಕೊಟ್ಟರೆ ಇನ್ನು ಕೆಲವು ಎರಡು ಮೂರು ಸಾವಿರ ಯೆನ್ ಪಡೆಯುತ್ತವೆ. ಕೋಣೆಗೇ ಸೇರಿದ ಹೊರತೊಟ್ಟಿಯಿರುವ ಕೋಣೆಯನ್ನು ಹಿಡಿಯುವುದು ಎರಡನೆಯ, ದುಬಾರಿಯಾದ ದಾರಿ. ಋತುಸ್ರಾವದ ದಿನಗಳಲ್ಲಿ ಸಾಮೂಹಿಕ ತೊಟ್ಟಿಗೆ ಇಳಿಯದಿರುವುದು ಅಲ್ಲಿನ ಮರ್ಯಾದೆ.

ಸಾಮೂಹಿಕ ಸ್ನಾನಗೃಹಕ್ಕೆ ಹೋಗುವ ಮನಸ್ಸು ಮಾಡಿದರೆ ಕ್ರಮ ಹೀಗಿದೆ. ಹೊರಕೋಣೆಯಲ್ಲಿ ಬಟ್ಟೆಗಳನ್ನೆಲ್ಲ ಬುಟ್ಟಿಯಲ್ಲಿಟ್ಟು, ಕೈವಸ್ತ್ರದಷ್ಟು ಸಣ್ಣ ಟವೆಲ್ ಒಂದನ್ನೇ ಒಳಗೆ ಒಯ್ಯಬೇಕು. ಗೋಡೆಯುದ್ದಕ್ಕೂ ನಲ್ಲಿಗಳ ಮುಂದೆ ಗಿಡ್ಡ ಮಣೆಗಳಿರುತ್ತವೆ. ಅಲ್ಲಿ ಕುಳಿತು ಸೋಪು ಹಚ್ಚಿ ಮೈ ತೊಳೆದು, ನೊರೆಯ ಒಂದು ಹನಿಯೂ ಉಳಿಯದಂತೆ ನೀರು ಹೊಯ್ದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಕೊಳೆ ತೊಳೆಯುವ ಕೆಲಸ ಹೊರಗೇ ಮುಗಿದಿರಬೇಕು, ತೊಟ್ಟಿ ಇರುವುದು ಮೈ ಕಾಯಿಸಿಕೊಳ್ಳುವುದಕ್ಕೆ ಎಂಬ ಒಂದು ಸೂತ್ರ ನೆನಪಿದ್ದರೆ ಉಳಿದ ನಿಯಮಗಳೆಲ್ಲ ಅದರಿಂದಲೇ ತಿಳಿಯುತ್ತವೆ: ಟವೆಲನ್ನು ನೀರಿಗೆ ಅದ್ದಬಾರದು, ಉದ್ದ ಕೂದಲನ್ನು ಮೇಲೆ ಕಟ್ಟಿರಬೇಕು, ಮುಳುಗಿ ಏಳಬಾರದು, ಈಜಬಾರದು. ಮೊಬೈಲ್ ಫೋನನ್ನು ಬಟ್ಟೆ ಬದಲಿಸುವ ಕೋಣೆಯಲ್ಲೂ ಹೊರತೆಗೆಯಬಾರದು. ಮೈ ಒರೆಸಿಕೊಂಡ ಮೇಲೆಯೇ ಆ ಕೋಣೆಗೆ ಮರಳಬೇಕು. ಮೊದಲ ಐದು ನಿಮಿಷದ ಮುಜುಗರ ಕಳೆದ ಮೇಲೆ ತಮ್ಮನ್ನು ಯಾರೂ ನೋಡುತ್ತಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಗಂಧಕದ ಹಾಲುಬಣ್ಣದ ನೀರಿರುವ ಕಡೆ ಕುತ್ತಿಗೆಯಿಂದ ಕೆಳಗೆ ಏನೂ ಕಾಣುವುದೂ ಇಲ್ಲ.

ಒಂದು ಎಚ್ಚರಿಕೆ ಇದೆ. ಎರಡೂ ನೋಟಗಳು ಎಲ್ಲರಿಗೂ ಸಿಗಲೆಂದು ಅನೇಕ ರಿಯೋಕಾನ್‌ಗಳು ರಾತ್ರಿ ಕಳೆದ ಮೇಲೆ ಗಂಡಸರ ಮತ್ತು ಹೆಂಗಸರ ಸ್ನಾನಗೃಹಗಳನ್ನು ಅದಲುಬದಲು ಮಾಡುತ್ತವೆ. ಬಾಗಿಲಿಗೆ ತೂಗಿಬಿಟ್ಟ ಪರದೆ ಸಾಮಾನ್ಯವಾಗಿ ಹೆಂಗಸರದು ಕೆಂಪು, ಗಂಡಸರದು ನೀಲಿ. ನಿನ್ನೆ ಸಂಜೆಯ ನೆನಪಿನ ಮೇಲೆ ನಿದ್ದೆಗಣ್ಣಿನಲ್ಲಿ ನಡೆಯದೆ, ಬೆಳಿಗ್ಗೆ ಪರದೆಯನ್ನು ಮತ್ತೊಮ್ಮೆ ನೋಡಿಯೇ ಒಳಗೆ ಹೋಗಿ.

ಪ್ರಶ್ನೆ: ನಮ್ಮ ತಾಯಿಯ ಎರಡೂ ಮುಂಗೈಗಳ ಮೇಲೆ ಹಳೆಯ ಕಾಲದ ಹಚ್ಚೆಯಿದೆ, ಗದ್ದದ ಮೇಲೆ ಮೂರು ಚುಕ್ಕಿಗಳಿವೆ. ಹಚ್ಚೆಯಿದ್ದವರನ್ನು ಒಳಗೆ ಬಿಡುವುದಿಲ್ಲವೆಂದು ಕೇಳಿದ್ದೇನೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಅಲ್ಲಿ ಹಚ್ಚೆಯನ್ನು ಯಾಕುಜಾ ಎಂಬ ಅಪರಾಧಿ ಕೂಟಗಳ ಗುರುತೆಂದು ಕಾಣುವ ರೂಢಿ ಬೆಳೆದಿರುವುದೇ ಈ ನಿಷೇಧಕ್ಕೆ ಕಾರಣ. ಜಪಾನಿನ ಪ್ರವಾಸೋದ್ಯಮ ಇಲಾಖೆ 2015ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ವಸತಿ ಮತ್ತು ಸ್ನಾನದ ಮನೆಗಳ ಪೈಕಿ ಸುಮಾರು ಶೇಕಡಾ 56 ಹಚ್ಚೆಯುಳ್ಳವರನ್ನು ಒಪ್ಪುವುದಿಲ್ಲವೆಂದೂ ಸುಮಾರು ಶೇಕಡಾ 31 ಒಪ್ಪುತ್ತೇವೆಂದೂ ಹೇಳಿದ್ದವು. ಉಳಿದವುಗಳಲ್ಲಿ ಹೆಚ್ಚಿನವು ಮುಚ್ಚಿಕೊಂಡರೆ ಅಡ್ಡಿಯಿಲ್ಲ ಎಂದಿದ್ದವು. ತಮ್ಮ ತಾಯಿಯವರ ಗದ್ದದ ಚುಕ್ಕಿಗಳಿಗೂ ಅಪರಾಧಕ್ಕೂ ಸಂಬಂಧವಿಲ್ಲವೆಂಬುದು ನೋಡಿದವರಿಗೆ ತಿಳಿಯಬೇಕಾದದ್ದೇ, ಆದರೆ ನಿಯಮ ಹಾಗೆ ಬಗೆ ನೋಡಿ ನಡೆಯುವುದಿಲ್ಲ. 2013ರಲ್ಲಿ ನ್ಯೂಜಿಲೆಂಡಿನ ಮಾವೊರಿ ಸಮುದಾಯದ ಮಹಿಳೆಯೊಬ್ಬರನ್ನು, ಮುಖದ ಮೇಲಿದ್ದ ಅವರ ಕುಲಪರಂಪರೆಯ ಹಚ್ಚೆಯ ಕಾರಣಕ್ಕಾಗಿ ಹೊಕ್ಕಾಯ್ದೊದ ಸ್ನಾನಗೃಹವೊಂದು ಒಳಗೆ ಬಿಡದೇ ಹೋದದ್ದು ಅಲ್ಲಿ ದೊಡ್ಡ ಚರ್ಚೆಯಾಯಿತು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ವಾದಿಸಿ ಗೆಲ್ಲುವುದಕ್ಕೆ ಬಾಗಿಲ ಮುಂದಿನ ಹೊತ್ತು ತಕ್ಕುದಲ್ಲ. ಸಣ್ಣ ಹಚ್ಚೆಗಳನ್ನು ಮುಚ್ಚಲು ಚರ್ಮದ ಬಣ್ಣದ ಅಂಟುಪಟ್ಟಿಗಳು ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ಎರಡೂ ಮುಂಗೈ ತುಂಬ ಹಚ್ಚೆಯಿದ್ದರೆ ಪಟ್ಟಿ ಸಾಲದು. ಮೇಲೆ ಹೇಳಿದ ಖಾಸಗಿ ಸ್ನಾನದ ಕೋಣೆಯನ್ನು ಮೊದಲೇ ಗೊತ್ತುಮಾಡಿಕೊಂಡರೆ ಹಿರಿಯರಿಗೆ ಅವಮಾನವಾಗುವ ಸಂದರ್ಭವೇ ಬಾರದು.

ಪ್ರಶ್ನೆ: ನಾವು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದ ಕುಟುಂಬ. ‘ವೆಜಿಟೇರಿಯನ್’ ಎಂದು ಬರೆದು ಕಾಯ್ದಿರಿಸಿದರೆ ಸಾಕೇ? ಅವಲಕ್ಕಿ, ಚಟ್ನಿಪುಡಿ, ಸಣ್ಣ ಕುಕ್ಕರ್ ಒಯ್ಯಬಹುದೇ? (ಶಿರಸಿ ಮತ್ತು ಉಡುಪಿಯಿಂದ ಬಂದ ಪತ್ರಗಳು)

ಉತ್ತರ: ಸಾಲದು. ಜಪಾನಿನ ಅಡುಗೆಯ ಬುಡದಲ್ಲಿರುವುದು ದಾಶಿ ಎಂಬ ತಿಳಿಸಾರು, ಮತ್ತು ಅದನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿಯ ಜೊತೆಗೆ ಕತ್ಸುವೊ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ಹೆರೆದ ಚೂರುಗಳಿಂದ ತಯಾರಿಸುತ್ತಾರೆ. ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸಾರು, ಬೇಯಿಸಿದ ತರಕಾರಿ, ಸೋಬಾ ಶಾವಿಗೆಯನ್ನು ಅದ್ದಿ ತಿನ್ನುವ ರಸ, ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ ತೆಂಪುರಾದ ಜೊತೆಗಿನ ರಸ ಎಲ್ಲದರಲ್ಲೂ ಇದು ಸೇರಿರುತ್ತದೆ. ತಟ್ಟೆಯಲ್ಲಿ ಮೀನಿನ ತುಂಡು ಕಾಣದಿದ್ದರೆ ಅದು ತರಕಾರಿ ಊಟವೇ ಎಂಬುದು ಅಲ್ಲಿನ ಅನೇಕರ ಪ್ರಾಮಾಣಿಕ ತಿಳಿವಳಿಕೆ. ಇದಕ್ಕೆ ಇತಿಹಾಸವೂ ಇದೆ: ಬೌದ್ಧಧರ್ಮದ ಪ್ರಭಾವದಲ್ಲಿ 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ, ಮಾಂಸದ ಬಗೆಗಿನ ಹಿಂಜರಿಕೆ 1872ರಲ್ಲಿ ಮೇಯ್ಜಿ ಚಕ್ರವರ್ತಿ ದನದ ಮಾಂಸ ತಿಂದದ್ದು ಬಹಿರಂಗವಾಗುವವರೆಗೂ ಒಂದಲ್ಲ ಒಂದು ರೂಪದಲ್ಲಿ ಉಳಿದಿತ್ತು, ಆದರೆ ಆ ಎಲ್ಲ ಶತಮಾನಗಳಲ್ಲೂ ಮೀನು ಜನಸಾಮಾನ್ಯರ ನಿಷೇಧದ ಪಟ್ಟಿಯಲ್ಲಿ ಇರಲೇ ಇಲ್ಲ.

ಆದ್ದರಿಂದ ಕಾಯ್ದಿರಿಸುವಾಗಲೇ, ತಡವಾದರೆ ಒಂದು ವಾರ ಮೊದಲಾದರೂ, ತಿನ್ನದ ವಸ್ತುಗಳನ್ನು ಒಂದೊಂದಾಗಿ ಹೆಸರಿಸಿ ಬರೆಯಿರಿ: ಮಾಂಸ, ಮೀನು, ಸಿಗಡಿ ಮತ್ತು ಚಿಪ್ಪುಜೀವಿಗಳು, ಮೊಟ್ಟೆ, ಮೀನಿನ ದಾಶಿ, ಜೆಲಟಿನ್, ಈರುಳ್ಳಿ, ಬೆಳ್ಳುಳ್ಳಿ. ಕೊಂಬು ಅಥವಾ ಶಿಯಿತಾಕೆ ಅಣಬೆಯ ದಾಶಿ ಆಗುತ್ತದೆಯೇ ಎಂಬುದನ್ನೂ ತಿಳಿಸಿದರೆ ಅಡುಗೆಯವರಿಗೆ ದಾರಿ ಸಿಗುತ್ತದೆ. ‘ನಿಕು ತೊ ಸಕನ ವ ತಾಬೆಮಾಸೆನ್, ಕತ್ಸುವೊ ನೊ ದಾಶಿ ಮೊ ತಾಬೆರಾರೆಮಾಸೆನ್’ ಎಂದರೆ ಮಾಂಸ, ಮೀನು ತಿನ್ನುವುದಿಲ್ಲ, ಕತ್ಸುವೊ ದಾಶಿಯೂ ಆಗದು ಎಂದರ್ಥ. ಆಗುವುದಿಲ್ಲವೆಂದು ರಿಯೋಕಾನಿನವರು ಉತ್ತರಿಸಿದರೆ ಅದನ್ನು ಒರಟುತನವೆಂದು ತಿಳಿಯಬೇಡಿ. ಒಪ್ಪಿಕೊಂಡು ತಪ್ಪುವುದಕ್ಕಿಂತ ಮೊದಲೇ ಬೇಡವೆನ್ನುವುದು ಅವರ ಕ್ರಮ. ಬಂದಿಳಿದ ಮೇಲೆ ಹೇಳಿದರೆ ಮಾತ್ರ ಯಾರೂ ಏನೂ ಮಾಡಲಾರರು.

ತಮ್ಮಂಥ ಕುಟುಂಬಗಳಿಗೆ ನಾನು ನಿಸ್ಸಂಕೋಚವಾಗಿ ಹೇಳುವ ಸ್ಥಳ ವಕಾಯಾಮಾ ಪ್ರಾಂತದ ಕೊಯಾ ಪರ್ವತ. ಕೂಕಾಯ್ ಎಂಬ ಭಿಕ್ಷು 816ರಲ್ಲಿ ಚಕ್ರವರ್ತಿಯಿಂದ ಪಡೆದು ಸ್ಥಾಪಿಸಿದ ಶಿಂಗೊನ್ ಬೌದ್ಧ ಪಂಥದ ಕೇಂದ್ರವಿದು. ಸುಮಾರು 800 ಮೀಟರ್ ಎತ್ತರದ, ಸುತ್ತಲೂ ಶಿಖರಗಳಿರುವ ಈ ಊರಿನಲ್ಲಿ ಐವತ್ತರಷ್ಟು ದೇವಾಲಯಗಳು ಯಾತ್ರಿಕರಿಗೆ ತತಾಮಿ ಕೋಣೆಗಳನ್ನು ಕೊಡುತ್ತವೆ. ಅಲ್ಲಿನ ಶೋಜಿನ್ ಅಡುಗೆಯಲ್ಲಿ ಮಾಂಸ, ಮೀನುಗಳಿಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯ ಘಾಟು ತರಕಾರಿಗಳನ್ನೂ ಸಂಪ್ರದಾಯದಂತೆ ಬಿಡುತ್ತಾರೆ, ದಾಶಿಯನ್ನು ಕೊಂಬು ಮತ್ತು ಅಣಬೆಯಿಂದ ಮಾಡುತ್ತಾರೆ. ಬುಗ್ಗೆಯ ನೀರು ಬೇಕೇ ಬೇಕೆಂದರೆ ಅಲ್ಲಿನ ಫುಕುಚಿ-ಇನ್ ದೇವಾಲಯದಲ್ಲಿ ಅದೂ ಇದೆ. ಬೆಳಗಿನ ಪೂಜೆಗೆ ಅತಿಥಿಗಳೂ ಕೂರಬಹುದು, ಮತ್ತು ಕೆಲವು ದೇವಾಲಯಗಳಲ್ಲಿ ನಡೆಯುವ ಅಗ್ನಿಕಾರ್ಯವನ್ನು ಕಂಡ ನಮ್ಮವರಿಗೆ ಹೋಮದ ನೆನಪಾಗದಿರದು. ಅದು ಭಾರತದಿಂದಲೇ ಹೋದ ವಿಧಿ.

ಅವಲಕ್ಕಿ, ಚಟ್ನಿಪುಡಿಗಳನ್ನು ಒಯ್ಯಿರಿ; ಹಸಿ ಕರಿಬೇವು, ಹಣ್ಣು, ತರಕಾರಿಗಳನ್ನು ಒಯ್ಯಬೇಡಿ, ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅವುಗಳಿಗೆ ಪ್ರವೇಶವಿಲ್ಲ. ಕುಕ್ಕರನ್ನು ಮನೆಯಲ್ಲೇ ಬಿಡಿ. ಅಲ್ಲಿನ ವಿದ್ಯುತ್ 100 ವೋಲ್ಟಿನದಾದುದರಿಂದ ನಮ್ಮ ಕುಕ್ಕರ್ ಸರಿಯಾಗಿ ಕಾಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಕೋಣೆಯಲ್ಲಿ ಅಡುಗೆ ಮಾಡುವುದು ನಿಷಿದ್ಧ, ಹುಲ್ಲಿನ ತತಾಮಿಗೆ ಹಿಡಿದ ಒಗ್ಗರಣೆಯ ವಾಸನೆ ಬೇಗ ಬಿಡುವುದೂ ಇಲ್ಲ. ಬಿಸಿನೀರು ಎಲ್ಲ ಕೋಣೆಗಳಲ್ಲೂ ಸಿಗುತ್ತದೆ, ಅವಲಕ್ಕಿಗೆ ಅಷ್ಟೇ ಸಾಕು. ಊಟವಿಲ್ಲದೆ ಕೋಣೆಯನ್ನಷ್ಟೇ ಪಡೆಯುವ ವ್ಯವಸ್ಥೆಗೆ ಸುದೊಮಾರಿ ಎನ್ನುತ್ತಾರೆ. ಅದು ಅಗ್ಗ, ಆದರೆ ಬೆಟ್ಟದೂರುಗಳಲ್ಲಿ ಸಂಜೆಯ ಬಳಿಕ ತೆರೆದಿರುವ ಅಂಗಡಿ ಸಿಗುವುದು ಕಷ್ಟ.

ಪ್ರಶ್ನೆ: ರಕ್ತದೊತ್ತಡ ಇರುವವರು, ಗರ್ಭಿಣಿಯರು ಇಳಿಯಬಹುದೇ? (ಹಲವು ಪತ್ರಗಳು)

ಉತ್ತರ: ತೊಟ್ಟಿಯ ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೊರೆಯುವ ಚಳಿಯಿಂದ ನೇರವಾಗಿ ಆ ಬಿಸಿಗೆ ಇಳಿದಾಗ, ಮತ್ತು ಬಹಳ ಹೊತ್ತಿನ ಮೇಲೆ ಥಟ್ಟನೆ ಎದ್ದಾಗ, ರಕ್ತದೊತ್ತಡ ಏರಿಳಿದು ತಲೆ ತಿರುಗಬಹುದು. ಕಾಲಿನಿಂದ ಆರಂಭಿಸಿ ಬಿಸಿನೀರು ಹೊಯ್ದುಕೊಂಡು ಮೈಯನ್ನು ಒಗ್ಗಿಸಿ, ಎದೆಯವರೆಗಷ್ಟೇ ಮುಳುಗಿ, ಐದು ಹತ್ತು ನಿಮಿಷದಲ್ಲಿ ಮೇಲೆ ಬಂದು ನೀರು ಕುಡಿಯಿರಿ. ಮದ್ಯ ಸೇವಿಸಿ ಇಳಿಯಬೇಡಿ. ಹೃದ್ರೋಗವಿದ್ದವರು ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕು. ಗರ್ಭಿಣಿಯರು ಇಳಿಯಬಾರದೆಂಬ ಫಲಕ ಹಿಂದೆ ಎಲ್ಲೆಡೆ ಇರುತ್ತಿತ್ತು. ಜಪಾನಿನ ಪರಿಸರ ಸಚಿವಾಲಯ 2014ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿ ಅದನ್ನು ಪಟ್ಟಿಯಿಂದ ತೆಗೆದಿದೆ. ಹಾಗೆಂದು ಬಹಳ ಬಿಸಿಯ ನೀರಿನಲ್ಲಿ ಹೆಚ್ಚು ಹೊತ್ತು ಕೂರುವುದು ಒಳ್ಳೆಯದಲ್ಲ, ಮತ್ತು ಇಲ್ಲಿಯೂ ವೈದ್ಯರ ಮಾತೇ ಕೊನೆಯದು.

ಪ್ರಶ್ನೆ: ಕಾಲುಂಗುರ, ಮಾಂಗಲ್ಯ ತೆಗೆಯಬೇಕೇ? (ಗೃಹಿಣಿ, ದಾವಣಗೆರೆ)

ಉತ್ತರ: ನಿಯಮವೇನೂ ಇಲ್ಲ, ಆದರೆ ನೀರಿನ ಗುಣವನ್ನು ನೋಡಿಕೊಳ್ಳಿ. ಗಂಧಕದ ನೀರಿನಲ್ಲಿ ಬೆಳ್ಳಿ ಕೆಲವೇ ನಿಮಿಷಗಳಲ್ಲಿ ಕಪ್ಪಾಗುತ್ತದೆ. ಕಾಲುಂಗುರ, ಕಾಲುಗೆಜ್ಜೆಗಳಿಗೆ ಇದು ಖಂಡಿತ ತಟ್ಟುತ್ತದೆ. ಅಪ್ಪಟ ಚಿನ್ನಕ್ಕೆ ಏನೂ ಆಗದಿದ್ದರೂ ತಾಮ್ರ, ಬೆಳ್ಳಿ ಬೆರೆತ ಚಿನ್ನ ಮಂಕಾಗಬಹುದು. ತೆಗೆಯಲು ಮನಸ್ಸಿಲ್ಲದವರು ಗಂಧಕವಿಲ್ಲದ ಸಾದಾ ಬುಗ್ಗೆಯ ಊರನ್ನು ಆರಿಸಿಕೊಳ್ಳುವುದು ಸುಲಭದ ಉಪಾಯ.

ಪ್ರಶ್ನೆ: ಎಂಟು ವರ್ಷದ ಮಗನನ್ನು ನನ್ನೊಂದಿಗೆ ಹೆಂಗಸರ ಸ್ನಾನಗೃಹಕ್ಕೆ ಕರೆದೊಯ್ಯಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಇಲ್ಲ. ಹಿಂದೆ ಹತ್ತು ವರ್ಷದ ಮಿತಿಯಿತ್ತು. 2020ರ ಡಿಸೆಂಬರಿನಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಸುಮಾರು ಏಳು ವರ್ಷ ಮತ್ತು ಮೇಲ್ಪಟ್ಟ ಮಕ್ಕಳನ್ನು ಬೇರೆ ಲಿಂಗದವರ ಸ್ನಾನಗೃಹಕ್ಕೆ ಕರೆದೊಯ್ಯಬಾರದೆಂದು ಮಾರ್ಗಸೂಚಿ ಬದಲಿಸಿದೆ. ಮಗ ತಂದೆಯೊಡನೆ ಹೋಗಲಿ.

ಪ್ರಶ್ನೆ: ನಮ್ಮೂರ ಹತ್ತಿರದ ಇರ್ದೆಯ ಬೆಂದ್ರು ತೀರ್ಥದಲ್ಲಿ ನೀರು ತಾನಾಗಿ ಬೆಚ್ಚಗಿರುತ್ತಿತ್ತು. ಜಪಾನಿನ ಮನೆಗಳಲ್ಲಿ ಇರುವುದು ನಿಜವಾದ ಬುಗ್ಗೆಯ ನೀರೇ, ಕಾಯಿಸಿದ ನೀರೇ? (ಪುತ್ತೂರಿನ ಓದುಗರು)

ಉತ್ತರ: ಎರಡೂ ಇರಬಹುದು, ಮತ್ತು ಕಾನೂನು ಎರಡನ್ನೂ ಒನ್ಸೆನ್ ಎಂದೇ ಕರೆಯುತ್ತದೆ. 1948ರ ಒನ್ಸೆನ್ ಕಾಯಿದೆಯ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಅಥವಾ ಹೆಚ್ಚು ಇದ್ದರೆ, ಇಲ್ಲವೇ ಪಟ್ಟಿ ಮಾಡಿದ 19 ದ್ರವ್ಯಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಸಾಕು. ಹೀಗಾಗಿ ತಣ್ಣನೆಯ ನೀರನ್ನು ಕಾಯಿಸಿ ಕೊಟ್ಟರೂ ಅದು ಕಾನೂನಿನ ಕಣ್ಣಿನಲ್ಲಿ ಸಾಚಾ ಒನ್ಸೆನ್ನೇ. 27 ಸಾವಿರಕ್ಕೂ ಹೆಚ್ಚು ಬುಗ್ಗೆಗಳಿರುವ ಆ ದೇಶದಲ್ಲಿ ಕೆಲವು ನೀರುಗಳಂತೂ ಉಗ್ರವಾಗಿವೆ. ಕುಸಾತ್ಸು ಎಂಬ ಬುಗ್ಗೆಯೂರಿನದು ಪಿಎಚ್ ಸುಮಾರು 2 ಇರುವ ಆಮ್ಲೀಯ ನೀರು, ಅದನ್ನು ತಣ್ಣೀರು ಬೆರೆಸದೆ ಉದ್ದನೆಯ ಹಲಗೆಗಳಿಂದ ಕಲಕಿ ಆರಿಸುವ ಪದ್ಧತಿಯನ್ನು ಈಗಲೂ ಪ್ರವಾಸಿಗರ ಮುಂದೆ ಮಾಡಿ ತೋರಿಸುತ್ತಾರೆ.

ತಮ್ಮ ಸಂಶಯ ಜಪಾನೀಯರಿಗೂ ಬಂದಿತ್ತು. ಹಾಲುಬಣ್ಣದ ನೀರಿಗೆ ಹೆಸರಾದ ನಾಗಾನೊ ಪ್ರಾಂತದ ಶಿರಾಹೊನೆಯಲ್ಲಿ ಕೆಲವರು ಸ್ನಾನದ ಪುಡಿ ಬೆರೆಸಿ ಬಣ್ಣ ತರಿಸುತ್ತಿದ್ದುದು 2004ರಲ್ಲಿ ಬಯಲಾಗಿ ದೇಶವೆಲ್ಲ ಗುಲ್ಲಾಯಿತು. ಅದರ ಫಲವಾಗಿ 2005ರಿಂದ ನೀರು ಬೆರೆಸಿದೆಯೇ, ಕಾಯಿಸಿದೆಯೇ, ಬಳಸಿದ ನೀರನ್ನೇ ಶೋಧಿಸಿ ಮರಳಿ ಬಿಡುತ್ತಿದೆಯೇ, ಏನನ್ನಾದರೂ ಸೇರಿಸಿದೆಯೇ ಎಂಬುದನ್ನು ಬಟ್ಟೆ ಬದಲಿಸುವ ಕೋಣೆಯಂಥ ಕಡೆ ಪ್ರಕಟಿಸುವುದು ಕಡ್ಡಾಯವಾಗಿದೆ. ಬುಗ್ಗೆಯಿಂದ ಬಂದ ನೀರು ತೊಟ್ಟಿ ತುಂಬಿ ಹರಿದುಹೋಗುವಂತಿದ್ದರೆ ಅದನ್ನು ‘ಗೆನ್ಸೆನ್ ಕಕೆನಾಗಶಿ’ ಎನ್ನುತ್ತಾರೆ. ಕಾಯ್ದಿರಿಸುವಾಗ ಈ ಎರಡು ಪದಗಳನ್ನು ಹುಡುಕಿ. ಪರ್ವತದ ಚಿತ್ರಕ್ಕಿಂತ ಇವನ್ನು ನಾನು ಹೆಚ್ಚು ನಂಬುತ್ತೇನೆ.

ಪ್ರಶ್ನೆ: ಮಂಡಿನೋವು ಇರುವವರು ನೆಲದ ಮೇಲೆ ಹೇಗೆ ಇರುವುದು? ಸೂಟ್‌ಕೇಸುಗಳನ್ನು ಎಲ್ಲಿಡುವುದು? ಸೇವೆ ಮಾಡಿದವರಿಗೆ ಎಷ್ಟು ಟಿಪ್ಸ್ ಕೊಡಬೇಕು? (ನಿವೃತ್ತ ಬ್ಯಾಂಕ್ ಅಧಿಕಾರಿ, ಕಲಬುರಗಿ)

ಉತ್ತರ: ತತಾಮಿಯ ಜೊತೆಗೆ ಮಂಚವೂ ಇರುವ ಕೋಣೆಗಳಿಗೆ ವಯೋಶಿತ್ಸು ಎನ್ನುತ್ತಾರೆ, ಅದನ್ನೇ ಕೇಳಿ, ಊಟಕ್ಕೆ ಮೇಜು ಕುರ್ಚಿ ಬೇಕೆಂದೂ ಮೊದಲೇ ತಿಳಿಸಿ. ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ, ಆದರೆ ಒಳಗಿನ ಚಪ್ಪಲಿಯನ್ನೂ ತತಾಮಿಯ ಮೇಲೆ ಮೆಟ್ಟಬಾರದು, ಶೌಚಾಲಯದ ಚಪ್ಪಲಿಯನ್ನು ಹೊರಗೆ ತರಬಾರದು. ಸೂಟ್‌ಕೇಸಿನ ಗಾಲಿಗಳನ್ನು ಚಾಪೆಯ ಮೇಲೆ ಉರುಳಿಸಬೇಡಿ, ಚಿತ್ರಪಟ ಮತ್ತು ಹೂವಿಟ್ಟ ಗೂಡಿನಲ್ಲಿ ಸಾಮಾನು ಇಡಬೇಡಿ. ಅದಕ್ಕಿಂತ ಒಳ್ಳೆಯದೆಂದರೆ, ಟೋಕಿಯೊದ ಹೋಟೆಲಿನಿಂದಲೇ ದೊಡ್ಡ ಪೆಟ್ಟಿಗೆಗಳನ್ನು ತಕ್ಯುಬಿನ್ ಎಂಬ ಸಾಮಾನು ರವಾನೆಯ ಸೇವೆಯ ಮೂಲಕ ಮುಂದಿನ ಊರಿನ ಹೋಟೆಲಿಗೆ ಕಳುಹಿಸಿ, ಒಂದು ದಿನದ ಬಟ್ಟೆಯ ಕೈಚೀಲದೊಂದಿಗೆ ಬೆಟ್ಟ ಹತ್ತುವುದು. ಟಿಪ್ಸ್ ಕೊಡಬೇಕಾಗಿಲ್ಲ, ಸೇವಾಶುಲ್ಕ ದರದಲ್ಲೇ ಸೇರಿರುತ್ತದೆ. ವಿಶೇಷ ಉಪಕಾರ ಮಾಡಿದವರಿಗೆ ಏನಾದರೂ ಕೊಡಲೇಬೇಕೆನಿಸಿದರೆ ನೋಟನ್ನು ಬರಿಗೈಯಲ್ಲಿ ನೀಡದೆ ಲಕೋಟೆಯೊಳಗಿಟ್ಟು, ಕೋಣೆಗೆ ಬಂದ ಮೊದಲಲ್ಲೇ ಕೊಡಿ. ಅವರು ಬೇಡವೆಂದರೆ ಒತ್ತಾಯಿಸಬೇಡಿ.